ಎತ್ತಿನ ಗೊಂಡೆ ಕಟ್ಟಿದ ಒಂದನೇ ತರಗತಿ

2023ರ ಮೇ ತಿಂಗಳ ಕೊನೆ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆಯಲು ಇನ್ನು ಕೆಲವೇ ದಿನ ಉಳಿದಿತ್ತು. ವರ್ಷದ ಬಗ್ಗೆ ನನಗೆ ಅನುಮಾನವಿಲ್ಲ. ಬೇರೆ ಒಂದೆರಡು ವಿಷಯಗಳ ಬಗ್ಗೆ ಇದೆ, ಅದನ್ನು ಆಯಾ ಜಾಗದಲ್ಲೇ ಹೇಳಿಬಿಡುತ್ತೇನೆ.

ನಾನು ಪಾಂಡವಪುರದವನು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದೆ. ಸಂಶೋಧನೆಗೆ ಸೇರಿದೆ, ಬಿಟ್ಟೆ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ, ಅದನ್ನೂ ಬಿಟ್ಟೆ. ಯಾವಾಗಲೋ ಮಾಡಿಟ್ಟಿದ್ದ ಡಿ.ಎಡ್. ಕೈಹಿಡಿದು, ಹೊಣಕೆರೆ ಹೋಬಳಿಯ ಒಂದು ಚಿಕ್ಕ ಊರಿನ ಸರ್ಕಾರಿ ಶಾಲೆಗೆ ಮೇಷ್ಟ್ರಾಗಿ ಬಂದೆ. ಓದಿನಿಂದ ನನಗೆ ಅಂಟಿಕೊಂಡ ಜಾಡ್ಯವೆಂದರೆ ಯಾವುದನ್ನೂ ಸುಲಭವಾಗಿ ನಂಬದಿರುವುದು. ನೆನಪೆಂಬುದು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವ ಕತೆ ಎಂದು ಓದಿದ ಮೇಲಂತೂ ನನ್ನ ನೆನಪನ್ನೇ ನಂಬುವುದು ಬಿಟ್ಟಿದ್ದೇನೆ. ಹಾಗಾಗಿ ಇದನ್ನು ಬರೆಯುವ ಮೊದಲು ನಮ್ಮ ಮುಖ್ಯೋಪಾಧ್ಯಾಯಿನಿ ಜಯಮ್ಮ ಮೇಡಂ ಹತ್ತಿರ ಕೂತು ಎಲ್ಲವನ್ನೂ ಇನ್ನೊಮ್ಮೆ ಕೇಳಿಕೊಂಡಿದ್ದೇನೆ. ಎರಡು ವಿಷಯದಲ್ಲಿ ನಮಗಿಬ್ಬರಿಗೂ ಇವತ್ತಿಗೂ ಒಪ್ಪಿಗೆಯಿಲ್ಲ.

ನಮ್ಮದು ಹೆಂಚಿನ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು. ಊರಿನ ಮಕ್ಕಳು ಹೆಚ್ಚಿನವರು ಬೆಳಿಗ್ಗೆ ವ್ಯಾನು ಹತ್ತಿ ನಾಗಮಂಗಲದ ಕಾನ್ವೆಂಟಿಗೆ ಹೋಗುತ್ತಿದ್ದರು. ಆ ವರ್ಷ ಒಂದನೇ ತರಗತಿಯ ವಯಸ್ಸಿಗೆ ಬಂದಿದ್ದ ಮಕ್ಕಳು ಇಬ್ಬರೇ. ಒಬ್ಬಳು ಪುಟ್ಟೇಗೌಡರ ಮೊಮ್ಮಗಳು ಸಿಂಚನ. ಇನ್ನೊಬ್ಬ ಚನ್ನಪ್ಪನವರ ಮೊಮ್ಮಗ ಲಿಖಿತ್, ಅವನೂ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದವನೇ.

ಸಿಂಚನಳಿಗೆ ವ್ಯಾನು ಆಗಿಬರುತ್ತಿರಲಿಲ್ಲ. ಹಿಂದಿನ ವರ್ಷ ಯುಕೆಜಿಗೆ ಕಳಿಸಿದ್ದಾಗ ವ್ಯಾನು ಊರ ಗಡಿ ದಾಟುವ ಮೊದಲೇ ವಾಂತಿ ಶುರು. ಸಂಜೆ ಇಳಿಯುವಾಗ ಬಾಡಿದ ಸೊಪ್ಪಿನ ಹಾಗಿರುತ್ತಿದ್ದಳು. ಅವಳ ಅಮ್ಮನಿಗೆ ಮಗಳು ನಡೆದು ಹೋಗುವಷ್ಟು ಹತ್ತಿರದ ನಮ್ಮ ಶಾಲೆಗೇ ಬರಲಿ ಎಂಬ ಆಸೆ. ಆದರೆ ಆ ಮನೆಯಲ್ಲಿ ಮಾತು ನಡೆಯುತ್ತಿದ್ದುದು ಪುಟ್ಟೇಗೌಡರದು. ದಾಖಲಾತಿ ಕೇಳಲು ಅವರ ಮನೆಗೆ ಹೋದಾಗ ಜಗುಲಿಯ ಮೇಲೆ ಕೂತು ಎತ್ತಿನ ಮೂಗುದಾರ ಹೊಸೆಯುತ್ತಿದ್ದರು.

"ನಮ್ ಕೂಸು ಒಬ್ಳೇ ತಾನೇ ಒಂದ್ನೇ ಕ್ಲಾಸ್ಗೆ? ಒಂಟಿ ಮಗೀಗೆ ಏನ್ ಪಾಟ ಮಾಡೀರಿ ಮೇಷ್ಟ್ರೇ? ಒಂಟೆತ್ತು ಕಟ್ಕಂಡು ಗಾಡಿ ಒಡಿಯಕ್ಕಾಯ್ತದಾ? ಜೊತೆ ತೋರ್ಸಿ, ಕಳುಸ್ತೀನಿ. ಇಲ್ದಿದ್ರೆ ಸಾಲೆ ಸುರುವಾದ್ ದಿನವೇ ವ್ಯಾನ್ ಹತ್ತುಸ್ತೀನಿ."

"ಅವಳಿಗೆ ವಾಂತಿ ಆಗುತ್ತಲ್ಲ ಗೌಡ್ರೇ?"

"ಅಭ್ಯಾಸ ಆಯ್ತದೆ ಬುಡಿ."

ಒಳಗಿನಿಂದ ಪಾತ್ರೆಯನ್ನು ನೆಲಕ್ಕೆ ಜೋರಾಗಿ ಇಟ್ಟ ಸದ್ದಾಯಿತು. ಅದು ಸಿಂಚನಳ ಅಮ್ಮ. ಸಿಂಚನ ಮಾತ್ರ ಕಂಬ ತಬ್ಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಜೊತೆ ಎಂದರೆ ಲಿಖಿತ್ ಒಬ್ಬನೇ ಎಂದು ಅವಳಿಗೂ ಗೊತ್ತಿತ್ತು.

ಅಲ್ಲಿಂದ ಚನ್ನಪ್ಪನವರ ಮನೆಗೆ ಹೋದೆ. ಪುಟ್ಟೇಗೌಡರಿಗೂ ಅವರಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಜಮೀನಿನ ತಕರಾರಲ್ಲ, ಎತ್ತಿನ ತಕರಾರು. ಒಂದು ಸಂಕ್ರಾಂತಿಯಲ್ಲಿ ಎತ್ತುಗಳನ್ನು ಬೆಂಕಿ ದಾಟಿಸಿ ಕಿಚ್ಚು ಹಾಯಿಸುವಾಗ ಯಾರ ಜೋಡಿ ಮೊದಲು ಎಂಬ ಜಗಳ ಹತ್ತಿದ್ದು ಆರಿರಲಿಲ್ಲ. ಎತ್ತು ಸಿಂಗರಿಸುವುದರಲ್ಲಿ ಈ ಎರಡು ಮನೆಗಳ ಮುಂದೆ ಸುತ್ತಮುತ್ತ ಯಾರೂ ನಿಲ್ಲುತ್ತಿರಲಿಲ್ಲವಂತೆ. ಈಗ ಚನ್ನಪ್ಪನವರು ಎತ್ತು ಮಾರಿ ಟ್ರಾಕ್ಟರು ಕೊಂಡಿದ್ದರು.

"ನಮ್ ಮೊಗ ಟೈ ಕಟ್ಕಂಡು ವೋಯ್ತಾನೆ ಮೇಷ್ಟ್ರೇ. ನಿಮ್ಮಲ್ಲಿ ಏನ್ ಕಟ್ತೀರಿ?" ಎಂದರು ಚನ್ನಪ್ಪ.

ಕಾಫಿ ಕುಡಿದು ಬಂದೆ.

ಜಯಮ್ಮ ಮೇಡಂ ದೇವಲಾಪುರದವರು, ನಿವೃತ್ತಿಗೆ ಹತ್ತಿರವಿದ್ದವರು. ನನ್ನ ಸೋತ ಮುಖ ನೋಡಿ, "ರೂಮು ಚೆಂದ ಮಾಡಿ ಸಾರ್. ಕಣ್ಣಿಗೆ ಬಿದ್ರೆ ಮನಸ್ಸಿಗೂ ಬೀಳುತ್ತೆ" ಎಂದರು.

"ಗೋಡೆಗೆ ಬಣ್ಣ ಹಚ್ಚಿದ್ರೆ ಮಕ್ಕಳು ಬರ್ತಾರೆ ಅನ್ನೋದಕ್ಕೆ ಸಾಕ್ಷಿ ಏನು ಮೇಡಂ?"

"ಹೆಣ್ಣು ನೋಡೋಕೆ ಹೋದಾಗ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಹೋದ್ರಲ್ಲ, ಆವಾಗ ಸಾಕ್ಷಿ ಕೇಳಿದ್ರಾ?"

ಸರಿ ಎಂದು ನಾಗಮಂಗಲಕ್ಕೆ ಹೋಗಿ ಬಣ್ಣದ ಕಾಗದ, ಮಿಂಚುವ ಸುರುಳಿ, ಬಲೂನು, ಪ್ರಾಣಿಗಳ ಚಾರ್ಟು ತಂದೆ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಮಕ್ಕಳ ತಲೆಯ ಮೇಲೆ ದಾರಗಳನ್ನು ಹೆಣೆದು ಅವರು ಬರೆದದ್ದನ್ನೆಲ್ಲ ತೂಗುಹಾಕುತ್ತೇವೆ, ಅದಕ್ಕೆ ಚಪ್ಪರ ಎನ್ನುತ್ತೇವೆ. ಹಳೆಯ ದಾರ ಬಿಚ್ಚಿ ಹೊಸ ದಾರ ಕಟ್ಟಿದೆ. ಗೋಡೆಗೆ ಸುಣ್ಣ ಹೊಡೆದೆವು. ಇಬ್ಬರೂ ಏಣಿ ಹತ್ತಿ ಇಳಿದು ಸಂಜೆಯ ಹೊತ್ತಿಗೆ ಕೋಣೆ ಹುಟ್ಟುಹಬ್ಬದ ಮನೆಯಂತಾಯಿತು. ಮನಸ್ಸಿನಲ್ಲಿ ಅನುಮಾನವಿದ್ದರೂ ಬೀಗ ಹಾಕುವಾಗ ಇನ್ನೊಮ್ಮೆ ಇಣುಕಿ ನೋಡಿದೆ.

ಆ ರಾತ್ರಿ ಗಾಳಿ ಸಮೇತ ಮಳೆ ಬಂತು. ಬೆಳಿಗ್ಗೆ ಬಾಗಿಲು ತೆಗೆದರೆ ಹೆಂಚು ಸರಿದು ನೀರು ಇಳಿದಿದೆ. ಕಾಗದದ ಕೆಂಪು, ಹಸಿರು, ನೀಲಿ ಎಲ್ಲ ಹೊಸ ಸುಣ್ಣದ ಮೇಲೆ ಹರಿದು ಗೋಡೆ ಅತ್ತುಬಿಟ್ಟಂತಿತ್ತು. ಆನೆಯ ಚಾರ್ಟು ನೆಲಕ್ಕಂಟಿತ್ತು. ಶಾಲೆ ಶುರುವಾಗಲು ಉಳಿದಿದ್ದುದು ಅದೊಂದೇ ದಿನ.

ನಾನು ಹೆಂಚು ಸರಿಪಡಿಸಿ ಬಕೆಟ್ಟು ಹಿಡಿದು ಗೋಡೆ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಪುಟ್ಟೇಗೌಡರು ನಿಂತಿದ್ದರು. ಕೈಯಲ್ಲಿ ಸಿಂಚನಳ ಬೆರಳು.

"ಏನ್ ಮೇಷ್ಟ್ರೇ, ಓಕುಳಿ ಆಡ್ಬುಟ್ರಾ?"

"ಮಳೆ ಗೌಡ್ರೇ."

"ಮಳೆ ಏನ್ ಮಾಡ್ತು? ಪೇಪರ್ ಕಟ್ಟುದ್ರೆ ಇನ್ನೇನಾದಾತು. ನಮ್ ಎತ್ಗೆ ಕಟ್ಟೋ ಗೊಂಡೆ ಅದೆ ನೋಡಿ, ಉಣ್ಣೇದು, ನಮ್ಮಪ್ಪನ ಕಾಲುದ್ದು. ಕೆರೇಲಿ ಮುಳುಗ್ಸಿ ಎತ್ತುದ್ರೂ ಬಣ್ಣ ಬುಡಾಕಿಲ್ಲ."

ನನ್ನ ಜಾಡ್ಯ ಸುಮ್ಮನಿರಲಿಲ್ಲ. "ಸುಮ್ಮನೆ ಹೇಳಿದ್ರೆ ಹೇಗೆ ಗೌಡ್ರೇ? ಇಲ್ಲೇ ಬಕೆಟ್ಟಿದೆ, ತನ್ನಿ, ಅದ್ದಿ ನೋಡೋಣ" ಎಂದೆ.

ಗೌಡರ ಮೀಸೆ ಅದುರಿತು. ತಿರುಗಿ ಹೋದವರು ಸ್ವಲ್ಪ ಹೊತ್ತಿಗೆ ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನೇ ಹೊರಿಸಿಕೊಂಡು ಬಂದರು. ಮುಚ್ಚಳ ತೆಗೆದಾಗ ನಾನು ನಿಜಕ್ಕೂ ಬೆರಗಾದೆ. ಮುಷ್ಟಿ ಗಾತ್ರದ ಉಣ್ಣೆಯ ಗೊಂಡೆಗಳು, ಕೆಂಪು, ಹಳದಿ, ಕಡುನೀಲಿ. ಚರ್ಮದ ಪಟ್ಟಿಗೆ ಪೋಣಿಸಿದ ಗೆಜ್ಜೆಸರ. ಕವಡೆ ಹೊಲಿದ ಹಣೆಕಟ್ಟು. ಎತ್ತಿನ ಬೆನ್ನಿಗೆ ಹೊದಿಸುವ, ಕನ್ನಡಿ ಚೂರು ಕೂರಿಸಿದ ಜೂಲು. ನಮ್ಮ ಕಾಗದದ ಸುರುಳಿಗಳು ಇದರ ಮುಂದೆ ಪಿಳಿಪಿಳಿ ಕಣ್ಣು ಬಿಡುವ ಹಾಗಿದ್ದವು.

ಗೌಡರು ಒಂದು ಕೆಂಪು ಗೊಂಡೆ ತೆಗೆದು ಬಕೆಟ್ಟಿಗೆ ಅದ್ದಿದರು. ನಾವೆಲ್ಲ ಬಗ್ಗಿ ನೋಡಿದೆವು. ನೀರು ಮೆಲ್ಲಗೆ ಗುಲಾಬಿ ಬಣ್ಣಕ್ಕೆ ತಿರುಗಿತು.

"ತಾತ, ಬುಡ್ತಾ ಅದೆ" ಎಂದಳು ಸಿಂಚನ.

"ಅದು ಧೂಳು ಕಣವ್ವ" ಎಂದರು ಗೌಡರು, ಮುಖ ಬೇರೆ ಕಡೆ ತಿರುಗಿಸಿ.

ಜಯಮ್ಮ ಮೇಡಂ ಸೆರಗು ಬಾಯಿಗಿಟ್ಟುಕೊಂಡರು. ಆದರೆ ಗೌಡರು ಸೋಲೊಪ್ಪುವವರಲ್ಲ. "ಕಟ್ಟಿ ನೋಡಿ ಮೇಷ್ಟ್ರೇ, ಗೋಡೆ ಮೇಲೆ ಎಂಗ್ ಕಾಣ್ತದೆ ಅಂತ. ಮೊಗ ಸೇರ್ಸೋ ಮಾತು ಬೇರೆ, ಇದು ಬೇರೆ" ಎಂದು ತಾವೇ ಏಣಿ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಎಡಗಡೆ ಗೋಡೆ ತುಂಬ ಜೂಲು ಹರಡಿ, ಅದರ ಸುತ್ತ ಗೊಂಡೆ ಇಳಿಬಿಟ್ಟಿದ್ದರು. ಹೆಂಚಿನ ಸಂದಿಯ ಬಿಸಿಲು ಕನ್ನಡಿ ಚೂರುಗಳ ಮೇಲೆ ಬಿದ್ದು ಕೋಣೆಯೆಲ್ಲ ಬೆಳಕಿನ ಮೀನುಗಳು ಓಡಾಡಿದವು. ಸಿಂಚನ ಅವನ್ನು ಹಿಡಿಯುತ್ತ ಇಡೀ ಕೋಣೆ ಸುತ್ತಿದಳು. ಬಾಗಿಲ ಚೌಕಟ್ಟಿಗೆ ಒಂದು ಕಂಚಿನ ಕೊರಳಗಂಟೆಯನ್ನೂ ಗೌಡರು ಕಟ್ಟಿದರು. ಈ ಗಂಟೆಯ ವಿಷಯ ಮುಂದೆ ಬರುತ್ತದೆ.

ನಮ್ಮ ಕಡೆ ಸುದ್ದಿ ಹರಡಲು ಫೋನು ಬೇಕಿಲ್ಲ, ಹಾಲಿನ ಡೇರಿ ಸಾಕು. ಸಂಜೆ ಹಾಲು ಹಾಕಲು ಬಂದವರೆಲ್ಲ ಕ್ಯಾನು ಹಿಡಿದೇ ಶಾಲೆಗೆ ಬಂದು ಇಣುಕಿ ಹೋದರು. "ಪುಟ್ಟೇಗೌಡ ಸ್ಕೂಲ್ಗೇ ಕಿಚ್ಚಾಯಿಸ್ತಾವ್ನೆ ಕಣ್ಲಾ" ಎಂದು ಯಾರೋ ನಕ್ಕರು. ಕತ್ತಲಾಗುವ ಮೊದಲೇ ಟ್ರಾಕ್ಟರಿನ ಸದ್ದಾಯಿತು. ಚನ್ನಪ್ಪನವರು ಇಳಿದು, ಹಿಂದಿನ ಟ್ರೈಲರಿನಿಂದ ಒಂದು ಟ್ರಂಕು ಇಳಿಸಿದರು. ಒಳಗೆ ಬಂದು ಎಡಗೋಡೆಯನ್ನು ಮೇಲಿಂದ ಕೆಳಕ್ಕೆ ನೋಡಿದರು. ಪುಟ್ಟೇಗೌಡರು ಅಲ್ಲೇ ನಿಂತಿದ್ದರೂ ಮಾತೆಲ್ಲ ನನ್ನ ಮೂಲಕವೇ.

"ಮೇಷ್ಟ್ರೇ, ಇದು ಸೊಟ್ಟಗದೆ ಅಂತ ಆವಯ್ಯನ್ಗೆ ಏಳಿ."

"ಮೇಷ್ಟ್ರೇ, ಸೊಟ್ಟಗಿರೋದು ನೋಡೋನ ಕಣ್ಣು ಅಂತ ಏಳಿ."

"ನಮ್ಮನೇಲಿ ಗೊಂಡೆ ಇಲ್ವಾ ಮೇಷ್ಟ್ರೇ? ಎತ್ತು ಮಾರಿರ್ಬೋದು, ಒಡವೆ ಮಾರಿಲ್ಲ. ಬಲಗಡೆ ಗೋಡೆ ನಂದು" ಎಂದು ಚನ್ನಪ್ಪ ಟ್ರಂಕಿನ ಚಿಲಕಕ್ಕೆ ಕೈ ಹಾಕಿದರು.

ಇಲ್ಲಿಯೇ ಆ ಮೊದಲ ಭಿನ್ನಾಭಿಪ್ರಾಯ. ಆಗ ಒಂದು ಮಾತು ಬಂತು: "ಈ ಕೋಣೆಗೆ ಮಗು ಕೊಟ್ಟ ಮನೆಯವರ ಗೊಂಡೆ ಮಾತ್ರ ಈ ಗೋಡೆಗೆ." ಅದನ್ನು ಹೇಳಿದ್ದು ಜಯಮ್ಮ ಮೇಡಂ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. "ನನಗೆಲ್ಲಿ ಅಷ್ಟು ಧೈರ್ಯ, ನೀವೇ ಹೇಳಿದ್ದು ಸಾರ್" ಎನ್ನುತ್ತಾರೆ ಅವರು. ಯಾರೇ ಹೇಳಿರಲಿ, ಚನ್ನಪ್ಪನವರು ಚಿಲಕದ ಮೇಲಿನ ಕೈ ತೆಗೆದರು.

"ಅವಯ್ಯನ ಕೂಸೂ ಇನ್ನೂ ಸೇರಿಲ್ವಲ್ಲ?" ಎಂದರು ಚನ್ನಪ್ಪ.

"ಜೊತೆ ಸಿಕ್ಕಿದ್ರೆ ಸೇರ್ತಾಳೆ ಅಂತ ಅವನಿಗೆ ಏಳಿ ಮೇಷ್ಟ್ರೇ" ಎಂದರು ಪುಟ್ಟೇಗೌಡರು. "ಎತ್ತಿಲ್ದೋನು ಗೊಂಡೆ ತಂದ, ಮೊಗ ಕೊಡ್ದೇ ಇರೋನು ಗೋಡೆ ಕೇಳ್ದ ಅಂತ್ಲೂ ಏಳಿ."

ನಾನು ಏನೂ ಹೇಳಬೇಕಾಗಿರಲಿಲ್ಲ, ಎಲ್ಲ ನೇರವಾಗಿ ತಲುಪಿತ್ತು. ಚನ್ನಪ್ಪನವರ ಮುಖ ಕಪ್ಪಿಟ್ಟಿತು. ಟ್ರಂಕನ್ನು ಮತ್ತೆ ಹೊತ್ತುಕೊಂಡು ಹೋಗಿ ಟ್ರಾಕ್ಟರು ಹತ್ತಿದರು. ಸಿಂಚನ ಬಾಗಿಲಲ್ಲಿ ನಿಂತು ಟ್ರಾಕ್ಟರಿನ ಕೆಂಪು ದೀಪ ಮರೆಯಾಗುವವರೆಗೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ನಾಳೆ ವ್ಯಾನಾ?" ಎಂದು ಕೇಳಿದಳು.

ಆ ಪ್ರಶ್ನೆಯ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅದನ್ನು ಕೇಳಿದ ದನಿಯೂ ಹಾಗೇ ನೆನಪಿದೆ.

ಮರುದಿನ ಪ್ರಾರಂಭೋತ್ಸವ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ, ಬಿಸಿಯೂಟದ ಅಡುಗೆಮನೆಯಿಂದ ಪಾಯಸದ ವಾಸನೆ. ಮಕ್ಕಳನ್ನು ಮೆರವಣಿಗೆಯಲ್ಲಿ ಕರೆತರಲು ಪುಟ್ಟೇಗೌಡರು ಗಾಡಿ ಹೂಡಿಕೊಂಡು ಬಂದಿದ್ದರು, ಗಾಡಿ ಕೊಡುತ್ತೇನೆಂದು ಮೊದಲೇ ಒಪ್ಪಿಕೊಂಡಿದ್ದ ಮಾತು ತಪ್ಪುವವರಲ್ಲ. ಆದರೆ ಒಡವೆಯೆಲ್ಲ ಗೋಡೆಯ ಮೇಲಿದ್ದುದರಿಂದ ಆ ಭಾರಿ ಜೋಡಿ ಬೋಳಾಗಿ ನಿಂತಿತ್ತು. ಜೀವಮಾನದಲ್ಲಿ ಮೊದಲ ಸಲ ಅವು ಹಾಗೆ ಮೆರವಣಿಗೆಗೆ ಬಂದದ್ದಂತೆ. ದೊಡ್ಡ ತರಗತಿಗಳ ಮಕ್ಕಳು ಗಾಡಿ ಹತ್ತಿ ಕೇಕೆ ಹಾಕುತ್ತಿದ್ದರು. ಸಿಂಚನ ಮಾತ್ರ ಹಳೆಯ ಕಾನ್ವೆಂಟಿನ ಯೂನಿಫಾರಂ ಹಾಕಿ ಅಮ್ಮನ ಪಕ್ಕ ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಅಮ್ಮನ ಕೈಯಲ್ಲಿ ವಾಂತಿಗೆಂದು ಒಂದು ಪ್ಲಾಸ್ಟಿಕ್ ಕವರು, ಒದ್ದೆ ಬಟ್ಟೆ.

ಅರಳೀಕಟ್ಟೆಯ ತಿರುವಿನಲ್ಲಿ ವ್ಯಾನಿನ ಹಾರನ್ನು ಕೇಳಿತು. ಪುಟ್ಟೇಗೌಡರು ನನ್ನ ಮುಖ ನೋಡಿದರು. ಅವರ ಮುಖದಲ್ಲೂ ಗೆಲುವಿರಲಿಲ್ಲ.

"ಏನ್ ಮಾಡದು ಮೇಷ್ಟ್ರೇ. ಆಡಿದ್ ಮಾತು."

"ಗೌಡ್ರೇ, ಒಂಟಿಯಾಗಿದ್ರೂ ನಾನು ಕಲಿಸ್ತೀನಿ" ಎಂದೆ. ಅವರು ತಲೆಯಾಡಿಸಿದರು. ಒಪ್ಪಿದ್ದೋ ಒಪ್ಪದ್ದೋ ನನಗೆ ತಿಳಿಯಲಿಲ್ಲ.

ವ್ಯಾನು ಶಾಲೆಯ ಕಡೆ ಬರುತ್ತಿದ್ದ ಹಾಗೆ, ಎದುರಿನ ಓಣಿಯಿಂದ ಟ್ರಾಕ್ಟರು ನುಗ್ಗಿ ಬಂದು ರಸ್ತೆಗೆ ಅಡ್ಡ ನಿಂತಿತು. ಇಂಜಿನ್ನಿನ ಮುಂದೆ ಎರಡು ಹಿತ್ತಾಳೆಯ ಕೊಂಬಿನ ತೊಡಿಗೆಗಳನ್ನು ತಂತಿಯಿಂದ ಬಿಗಿದಿದ್ದರು, ಟ್ರಾಕ್ಟರಿಗೇ ಕೊಂಬು ಮೂಡಿದಂತಿತ್ತು. ದೀಪಗಳಿಗೆ ಹಣೆಕಟ್ಟು, ಸುತ್ತಲೂ ಗೊಂಡೆಯೋ ಗೊಂಡೆ. ಚನ್ನಪ್ಪನವರ ತೊಡೆಯ ಮೇಲೆ ಲಿಖಿತ್, ಕೊರಳಲ್ಲಿ ಟೈ ಇಲ್ಲ, ಒಂದು ಗೆಜ್ಜೆಸರ. ಹಿಂದೆ ಟ್ರೈಲರಿನಲ್ಲಿ ಟ್ರಂಕಿನ ಮೇಲೆ ಅವರ ಸೊಸೆ ಕೂತು ನಗುತ್ತಿದ್ದರು. ದಿನಾ ನಸುಕಿಗೆ ಎದ್ದು ವ್ಯಾನಿಗೆ ಡಬ್ಬಿ ಕಟ್ಟುವ ಕೆಲಸ ತಪ್ಪಿದ ನಗು ಅದು ಎಂದು ಜಯಮ್ಮ ಮೇಡಂ ಆಮೇಲೆ ಹೇಳಿದರು.

ವ್ಯಾನಿನ ಡ್ರೈವರು ತಲೆ ಹೊರಗೆ ಹಾಕಿ, "ಚನ್ನಪ್ಪಣ್ಣ, ದಾರಿ ಬುಡಣ್ಣೋ, ಟೇಮಾಯ್ತು!" ಎಂದು ಕೂಗಿದ.

"ಹಿಂದುಕ್ ತಕ್ಕಂಡ್ ಓಗ್ಲಾ. ಇಲ್ಲಿ ಹತ್ತೋರು ಯಾರೂ ಇಲ್ಲ" ಎಂದರು ಚನ್ನಪ್ಪ. ಆಮೇಲೆ ಇಂಜಿನ್ನು ಆರಿಸಿ, ಮೊಮ್ಮಗನನ್ನು ಇಳಿಸಿ, ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ ಪುಟ್ಟೇಗೌಡರ ಮುಖಕ್ಕೆ ನೇರವಾಗಿ ಮಾತಾಡಿದರು. "ಲೇ ಪುಟ್ಟ, ತಕಳ್ಲಾ ಜೊತೆ. ಈಗ ನನ್ ಗೋಡೆ ನಂಗ್ ಕೊಡು."

ಪುಟ್ಟೇಗೌಡರು ಗಾಡಿಯಿಂದ ಧುಮುಕಿದರು. "ಕೊಡ್ತೀನಿ ಬಾರ್ಲಾ. ಸೊಟ್ಟಗೆ ಕಟ್ಟುದ್ರೆ ಕಿತ್ತಾಕ್ತೀನಿ."

ಮೆರವಣಿಗೆ ಅಲ್ಲೇ ನಿಂತಿತು, ಟ್ರಾಕ್ಟರು ಅಡ್ಡವಿದ್ದುದರಿಂದ ವ್ಯಾನೂ ನಿಂತಿತು. ಮಕ್ಕಳು, ಹೆಂಗಸರು, ಹಾಲಿನ ಕ್ಯಾನು ಹಿಡಿದವರು ಎಲ್ಲ ಕಿಟಕಿಗೆ ಮುತ್ತಿಕೊಂಡರು. ಒಳಗೆ ಇಬ್ಬರು ಅಜ್ಜಂದಿರು ಒಂದೇ ಏಣಿಯ ಎರಡು ಬದಿಗೆ ನಿಂತು ಬೈದಾಡಿಕೊಳ್ಳುತ್ತ ಬಲಗಡೆಯ ಗೋಡೆ ಸಿಂಗರಿಸಿದರು. ನಾನು ಮೊಳೆ ಕೊಟ್ಟೆ, ಸುತ್ತಿಗೆ ಕೊಟ್ಟೆ, ಇಬ್ಬರಿಂದಲೂ ಬೈಸಿಕೊಂಡೆ. ಕೊನೆಗೆ ಉಳಿದ ಗೊಂಡೆಗಳನ್ನು ಚಪ್ಪರದ ದಾರಗಳಿಗೆ ತೂಗುಹಾಕಿದೆವು. ಅಷ್ಟು ಹೊತ್ತಿಗೆ ಸಿಂಚನಳ ಅಮ್ಮ ಆ ಪ್ಲಾಸ್ಟಿಕ್ ಕವರನ್ನು ಮುದುರಿ ಅಡುಗೆಮನೆಯ ಪಕ್ಕದ ಕಸದ ಬುಟ್ಟಿಗೆ ಎಸೆದು ಬಂದಿದ್ದರು.

ಆಮೇಲೆ ಸಿಂಚನ ಮತ್ತು ಲಿಖಿತ್ ಕೈಹಿಡಿದು ಒಳಗೆ ಬಂದರು. ಅವರು ಹೊಸ್ತಿಲು ದಾಟುವಾಗ ಬಾಗಿಲ ಗಂಟೆ ಮೊಳಗಿತು. ಇದು ನನ್ನ ಮತ್ತು ಜಯಮ್ಮ ಮೇಡಂ ನಡುವಿನ ಎರಡನೆಯ ತಕರಾರು. "ಗಂಟೆ ಎಲ್ಲಿತ್ತು ಸಾರ್? ಎತ್ತು ತೀರಾ ಬೋಳಾಗಿದೆ ಅಂತ ಗೌಡ್ರು ಬೆಳಿಗ್ಗೇನೇ ಬಿಚ್ಚಿ ಒಂದರ ಕೊರಳಿಗೆ ಕಟ್ಟಿದ್ರು" ಎನ್ನುತ್ತಾರೆ ಅವರು. ನನ್ನ ಫೋನಿನಲ್ಲಿರುವ ಚಿತ್ರಗಳಲ್ಲಿ ಗೋಡೆಗಳಿವೆ, ಮಕ್ಕಳಿದ್ದಾರೆ, ಬಾಗಿಲ ಚೌಕಟ್ಟು ಒಂದರಲ್ಲೂ ಇಲ್ಲ. ಸಂತೋಷದ ಗಳಿಗೆಗೆ ಮನಸ್ಸು ತಾನೇ ಒಂದು ಗಂಟೆ ಕಟ್ಟಿಕೊಂಡಿದ್ದರೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಇಬ್ಬರನ್ನೂ ಚಾಪೆಯ ಮೇಲೆ ಕೂರಿಸುವಾಗ ಪುಟ್ಟೇಗೌಡರು ಮಾತ್ರ ಒಂದು ಷರತ್ತು ಹಾಕಿದರು. "ಎಡಗಡೆ ನಮ್ ಕೂಸು, ಬಲಗಡೆ ಅವ್ನು. ಜೋಡೀಲಿ ಕಡೆ ಬದ್ಲಾಯಿಸ್ಬಾರ್ದು ಮೇಷ್ಟ್ರೇ." ಚನ್ನಪ್ಪನವರೂ ತಕ್ಷಣ ಒಪ್ಪಿದರು. ಆ ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದನ್ನು ಕಂಡು ಕಿಟಕಿಯಲ್ಲಿ ಚಪ್ಪಾಳೆ ಬಿತ್ತು.

ಕೆಲವು ದಿನಗಳ ನಂತರ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಹೊಸ್ತಿಲಲ್ಲೇ ನಿಂತುಬಿಟ್ಟರು. "ಇದು ಕ್ಲಾಸೋ, ಕೊಟ್ಟಿಗೆಯೋ?" ಎಂದರು. "ಮಕ್ಕಳು ಒಳಗೆ ಕೂತಿರೋ ಜಾಗ ಸಾರ್" ಎಂದರು ಜಯಮ್ಮ ಮೇಡಂ. ಅಧಿಕಾರಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಎರಡು ಗೋಡೆಗೂ ಫೋಟೋ ತೆಗೆದುಕೊಂಡು ಹೋದರು. ಮುಂದಿನ ವರ್ಷ ವ್ಯಾನಿನಿಂದ ಇನ್ನಷ್ಟು ಮಕ್ಕಳು ಇಳಿದು ಬಂದರು. ಗೊಂಡೆ ಇಟ್ಟುಕೊಂಡ ಬೇರೆ ಮನೆಗಳೂ ಗೋಡೆ ಕೇಳತೊಡಗಿದವು. ಗೋಡೆಗೆ ಮೊದಲು ಮಗು ಎಂಬ ನಿಯಮ ಹಾಗೇ ಉಳಿದಿದೆ.

ಈ ವರ್ಷ ಸಿಂಚನ, ಲಿಖಿತ್ ಮೂರನೇ ತರಗತಿ. ಅದೇ ಕೋಣೆ, ಅದೇ ಎಡ, ಅದೇ ಬಲ. ಮೇ ಕೊನೆಯಲ್ಲಿ ಅಜ್ಜಂದಿರು ಕರೆಯದೆಯೇ ಪೆಟ್ಟಿಗೆ, ಟ್ರಂಕು ಹೊತ್ತು ಬಂದರು, ಎಂದಿನಂತೆ ಬೈದಾಡಿಕೊಂಡರು. ಮೊನ್ನೆ ಇದನ್ನು ಬರೆಯಲು ಕೂತಾಗ ತಡೆಯಲಾರದೆ ಸಿಂಚನಳನ್ನು ಕೇಳಿದೆ. ನಾನಾಗಿ ಏನನ್ನೂ ಸೂಚಿಸಬಾರದೆಂದು ಬಹಳ ಎಚ್ಚರದಿಂದ, "ನೀನು ಮೊದಲ ದಿನ ಒಳಗೆ ಬಂದಾಗ ಏನೇನಿತ್ತು ಹೇಳು" ಎಂದಷ್ಟೇ ಕೇಳಿದೆ.

ಅವಳು ಮಗ್ಗಿ ಬರೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಗೊಂಡೆ ಇತ್ತು. ತಾತಂದಿರು ಬೈಕತಿದ್ರು. ಬಾಗ್ಲಲ್ಲಿ ಗಂಟೆ ಇತ್ತು. ಲಿಖಿತ್ಗೆ ಎಟುಕ್ನಿಲ್ಲ, ನಾನೇ ಎಗರಿ ಒಡ್ದೆ. ವ್ಯಾನ್ನೋರ್ಗೆ ಕೇಳ್ಲಿ ಅಂತ."

ನಾನು ಪಕ್ಕದ ಕೋಣೆಗೆ ಹೆಚ್ಚುಕಡಿಮೆ ಓಡಿದೆ. "ಮೇಡಂ!" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಸಾಕ್ಷಿ ಸಿಕ್ತಾ ಸಾರ್?" ಎಂದರು.

ಮಕ್ಕಳ ನೆನಪೂ ದೊಡ್ಡವರದಷ್ಟೇ ಕತೆ ಕಟ್ಟುತ್ತದೆ ಎಂದು ನಾನು ಓದಿದ್ದೇನೆ. ಅದನ್ನು ಅವತ್ತು ಮೇಡಂಗೆ ಹೇಳಲಿಲ್ಲ. ಇನ್ನು ಮುಂದೆ ಹೇಳುವುದೂ ಇಲ್ಲ. ಆ ಬೆಳಿಗ್ಗೆ ವ್ಯಾನು ಕೊನೆಗೆ ಹಿಂದಕ್ಕೆ ತಿರುಗಿ ಹೋಗುವಾಗ ಶಾಲೆಯ ಬಾಗಿಲಿನಿಂದ ಗಂಟೆ ಕೇಳಿತು ಎಂದು ನಾನು ನಂಬುತ್ತೇನೆ. ಇಷ್ಟು ವರ್ಷಗಳಲ್ಲಿ ಯಾವ ತಕರಾರೂ ಇಲ್ಲದೆ ನಾನು ನಂಬಿದ್ದು ಅದೊಂದನ್ನೇ.